ಗೋಧಿಯಿಲ್ಲದ ಉಪ್ಪಿಟ್ಟು

ಓಟ್ಸ್ ಒಳ್ಳೆಯದು, ಓಟ್ಸ್ ತಿನ್ನಿ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತೇನೆ. ಮದುವೆಮನೆಯಾಗಲಿ ಬಸ್‌ಸ್ಟ್ಯಾಂಡಾಗಲಿ, ನನಗೆ ಮುಲಾಜಿಲ್ಲ. ಸಕ್ಕರೆ ಕಾಯಿಲೆಗೆ ಒಳ್ಳೆಯದು, ಹೊಟ್ಟೆಗೆ ಹಗುರ, ಬೊಜ್ಜು ಕರಗುತ್ತದೆ ಎನ್ನುವವರ ಜೊತೆ ವಾದಕ್ಕಿಳಿದು ಸುಮ್ಮನೆ ಬಿಪಿ ಯಾಕೆ ಏರಿಸಿಕೊಳ್ಳಲಿ. ಅವರಿಗೆ ಒಳ್ಳೆಯದೇ ಇರಬಹುದು. ನನ್ನ ಕೈಯಲ್ಲಿ ಅದು ಏನು ಮಾಡಿಸಿತು ಎಂಬುದು ಅವರಿಗೆ ಗೊತ್ತಿಲ್ಲ. ಹೇಳಿದರೆ, ಒಂದು ತಿಂಡಿಯಿಂದ ಇಷ್ಟೆಲ್ಲ ಆಗುತ್ತದಾ ಎಂದು ನಗುತ್ತಾರೆ.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ಸುತ್ತಲಿನ ಕಾಫಿ ಬೆಳೆಗಾರರು ಸೇರಿ ಒಂದು ಸಣ್ಣ ಶಾಲೆ ನಡೆಸುತ್ತಿದ್ದರು. ತೊಂಬತ್ತರ ದಶಕದಲ್ಲಿ ನಾನು ಅಲ್ಲಿ ಒಂದನೇ ಕ್ಲಾಸಿನ ಟೀಚರು. ನಮ್ಮ ಮನೆಯವರು ಹತ್ತಿರದ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಹಿಡಿದು ಕಾಫಿ ತೂಕ ಬರೆಯುವ ಕೆಲಸ. ಎಸ್ಟೇಟಿನವರು ಕೊಟ್ಟ ಮನೆಯಲ್ಲಿ ನಾವಿಬ್ಬರು, ಜೊತೆಗೆ ಕಳಸದ ಕಡೆಯ ನಮ್ಮ ಅತ್ತೆ. ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಆಡಬೇಕಾದ್ದನ್ನೆಲ್ಲ ಊರಿನವರು ಆಡಿ ಮುಗಿಸಿದ್ದರು, ನಾನು ಮತ್ತೆ ಆಡುವುದಿಲ್ಲ.

ನನಗೆ ಒಂದನೇ ಕ್ಲಾಸು ಸಾಕಾಗಿತ್ತು. ಜೂನ್ ತಿಂಗಳಲ್ಲಿ ಹೊಸದಾಗಿ ಬರುವ ಮಗುವಿನ ಮುಷ್ಟಿ ಬಿಡಿಸಿ, ಬಳಪ ಹಿಡಿಸಿ, ಆ ಕೈಯ ಮೇಲೆ ನನ್ನ ಕೈ ಇಟ್ಟು ಸ್ಲೇಟಿನ ಮೇಲೆ ‘ಅ’ ತಿದ್ದಿಸುವುದು. ಮೊದಲು ಆ ಕೈ ಕಟ್ಟಿಗೆಯ ಹಾಗೆ ಬಿಗಿಯಾಗಿರುತ್ತದೆ. ವಾರ ಕಳೆಯುವಷ್ಟರಲ್ಲಿ ಸಡಿಲವಾಗುತ್ತದೆ, ಆಮೇಲೆ ಒಂದು ದಿನ ತಾನೇ ಮುಂದೆ ಹೋಗಿ ನನ್ನ ಕೈಯನ್ನು ಎಳೆಯುತ್ತದೆ. ಆ ಎಳೆತ ಗೊತ್ತಾದ ದಿನ ಮನೆಗೆ ಹೋಗುವಾಗ ನಾನು ಒಬ್ಬಳೇ ನಗುತ್ತಿದ್ದೆ. ಇದಕ್ಕಿಂತ ದೊಡ್ಡ ಆಸೆ ನನಗೆ ಯಾವುದೂ ಇರಲಿಲ್ಲ.

ತುರಿಕೆ ಶುರುವಾದದ್ದು ಮೊಣಕೈಯಲ್ಲಿ. ಮೊದಲು ತುರಿಕೆ ಸೊಪ್ಪು ತಾಗಿದ ಹಾಗೆ ಉರಿ. ಮಾರನೆಯ ದಿನ ಸಣ್ಣ ಸಣ್ಣ ನೀರಗುಳ್ಳೆ, ಗುಂಪು ಗುಂಪಾಗಿ. ಕೆರೆದು ಒಡೆದರಷ್ಟೇ ಸಮಾಧಾನ, ಒಡೆದ ಜಾಗದಲ್ಲಿ ಕಪ್ಪು ಕಲೆ. ಮೊಣಕಾಲು, ಬೆನ್ನು, ಕುಂಡೆ, ಹಿಂತಲೆ ಎಲ್ಲ ಕಡೆಗೂ ಹಬ್ಬಿತು. ಕುರ್ಚಿಯಲ್ಲಿ ಕೂರುವ ಹಾಗಿಲ್ಲ, ಮಲಗುವ ಹಾಗಿಲ್ಲ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ರವಿಕೆಯ ತೋಳು ಗಾಯಕ್ಕೆ ಅಂಟಿಕೊಂಡು ಬರುತ್ತಿತ್ತು.

ಸಲಹೆ ಕೊಡಲು ನಮ್ಮ ಊರಿನಲ್ಲಿ ಡಿಗ್ರಿ ಬೇಡ. ಇಂಬಳ, ಅಂದರೆ ಜಿಗಣೆ, ಕಚ್ಚಿದ್ದು ನಂಜಾಗಿದೆ ಎಂದರು ಒಬ್ಬರು. ಕಂಬಳಿಹುಳ ಎಂದರು, ತೋಟಕ್ಕೆ ಹೊಡೆಯುವ ಔಷಧಿ ಎಂದರು. ನಾಗದೋಷ ಎಂದವರೇ ಜಾಸ್ತಿ. ಕುಕ್ಕೆಗೆ ಹೋಗಿ ಪೂಜೆ ಮಾಡಿಸಿ ಬಂದೆವು. ನಾಗನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲವೆಂದು ಕಾಣುತ್ತದೆ, ಏನೂ ಬದಲಾಗಲಿಲ್ಲ. ಒಬ್ಬ ಡಾಕ್ಟರು ಇದು ಕಜ್ಜಿ, ಮನೆಮಂದಿಯೆಲ್ಲ ಮೈಗೆ ಈ ಔಷಧಿ ಹಚ್ಚಿಕೊಳ್ಳಬೇಕು ಎಂದರು. ಅತ್ತೆ ಮೈಯೆಲ್ಲ ಬೆಳ್ಳಗೆ ಬಳಿದುಕೊಂಡು ಜಗಲಿಯಲ್ಲಿ ನಿಂತು ನನ್ನನ್ನು ಸುಡುವ ಹಾಗೆ ನೋಡಿದರು. “ನನ್ನ ಜನ್ಮದಲ್ಲಿ ಕಜ್ಜಿ ಕಂಡವಳಲ್ಲ ನಾನು. ಸೊಸೆ ತಂದ ಬಳುವಳಿ ಇದು,” ಎಂದರು. ಅವರಿಗೆ ಕಜ್ಜಿ ಇರಲಿಲ್ಲ, ನನಗೂ ಇರಲಿಲ್ಲ. ಆದರೂ ಇಬ್ಬರೂ ಬಳಿದುಕೊಂಡು ನಿಂತಿದ್ದೆವು.

ಹೀಗೇ ವರ್ಷಗಳು ಕಳೆದು, ಕೊನೆಗೆ ಚಾರ್ಮಾಡಿ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುತ್ತ ಮಂಗಳೂರಿಗೆ ಹೋದೆ. ಅಲ್ಲಿನ ಚರ್ಮದ ಡಾಕ್ಟರು ಅಕ್ಕಿಕಾಳಿನಷ್ಟು ಚರ್ಮ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಮತ್ತೆ ಹೋದಾಗ, “ಅಮ್ಮ, ನಿಮಗೆ ಗೋಧಿ ಆಗುದಿಲ್ಲ,” ಎಂದರು. ಗೋಧಿಯಲ್ಲಿ ಗ್ಲೂಟೆನ್ ಎಂಬ ಒಂದು ಅಂಟು ಇರುತ್ತದಂತೆ. ಅದು ಕೆಲವರ ಕರುಳಿಗೆ ಹಿಡಿಸುವುದಿಲ್ಲ, ನನ್ನಂಥವರಲ್ಲಿ ಆ ಕರುಳಿನ ಸಿಟ್ಟು ಚರ್ಮದ ಮೇಲೆ ಬರುತ್ತದಂತೆ. ಗೋಧಿ, ರವೆ, ಮೈದಾ, ಬಾರ್ಲಿ ಜನ್ಮದಲ್ಲಿ ಮುಟ್ಟಬಾರದು ಎಂದರು. ಉರಿ ಇಳಿಯಲು ಒಂದು ಮಾತ್ರೆ ಬರೆದುಕೊಟ್ಟರು. ಎರಡೇ ದಿನದಲ್ಲಿ ತುರಿಕೆ ನಿಂತಿತು. ಅಷ್ಟು ವರ್ಷ ಕೆರೆದುಕೊಂಡವಳಿಗೆ ನಿದ್ದೆ ಬಂದಾಗ ಹೆದರಿಕೆಯೇ ಆಯಿತು.

ಆದರೆ ಆ ಮಾತ್ರೆಯನ್ನು ಕುಷ್ಠರೋಗಕ್ಕೂ ಕೊಡುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಪೇಟೆಯ ಔಷಧಿ ಅಂಗಡಿಯವನಿಗೆ ಗೊತ್ತಿತ್ತು. ಮಾತ್ರೆಯ ಹೆಸರು ಓದಿ, ನನ್ನ ಮುಖ ನೋಡಿ, “ಇದು ಯಾರಿಗೆ ಟೀಚರೆ?” ಎಂದ. ನನಗೇ ಎಂದೆ. ಮಾತ್ರೆಯ ಪಟ್ಟಿಯನ್ನು ನನ್ನ ಕೈಗೆ ಕೊಡದೆ ಕೌಂಟರಿನ ಮೇಲಿಟ್ಟು ಬೆರಳಿನಿಂದ ಮುಂದಕ್ಕೆ ತಳ್ಳಿದ. ಆ ವಾರ ಕಳೆಯುವುದರೊಳಗೆ ಶಾಲೆಯ ಪ್ರತಿಯೊಬ್ಬ ತಾಯಿಗೂ ಸುದ್ದಿ ಮುಟ್ಟಿತ್ತು. ಅವನ ನಾಲಿಗೆಗೆ ಹುಳ ಬೀಳಲಿ ಎಂದು ನಾನು ಆಗ ಶಪಿಸಿದ್ದೆ, ಈಗಲೂ ಆ ಶಾಪ ವಾಪಸು ತೆಗೆದುಕೊಂಡಿಲ್ಲ.

ಹೆಡ್‌ಮೇಷ್ಟ್ರು ನನ್ನನ್ನು ಆಫೀಸಿಗೆ ಕರೆದು ಕೂರಿಸಿದರು.

“ಬೇಜಾರ್ ಮಾಡ್ಕಬೇಡಿ ಟೀಚರೆ. ಅದು ಅಂಟೋ ಕಾಯಿಲೆ ಅಲ್ಲ ಅಂತ ನಂಗೂ ಗೊತ್ತು. ಆದ್ರೆ ಪೇರೆಂಟ್ಸಿಗೆ ಹೇಳೋದು ಯಾರು?”

“ನೀವು ಹೇಳಿ ಸಾರ್,” ಎಂದೆ.

ಅವರು ಮೇಜಿನ ಮೇಲಿನ ಗಾಜನ್ನು ಬಟ್ಟೆಯಿಂದ ಒರೆಸತೊಡಗಿದರು. ಮಂಗಳೂರಿನ ಡಾಕ್ಟರ ಹತ್ತಿರ ಇದು ಕುಷ್ಠ ಅಲ್ಲ ಎಂದು ಬರೆಸಿ ತಂದ ಚೀಟಿಯನ್ನು ಅವರ ಮುಂದೆ ಇಟ್ಟೆ. ಓದಿದರು, ಮಡಿಸಿ ವಾಪಸು ಕೊಟ್ಟರು. ಕಮಿಟಿಯಲ್ಲಿ ಒಬ್ಬ ದೊಡ್ಡ ಪ್ಲಾಂಟರ ಹೆಂಡತಿ ಇದ್ದರು, ಎಲ್ಲರೂ ಅವರನ್ನು ಅಮ್ಮೋರು ಎನ್ನುತ್ತಿದ್ದರು. ಆಕೆಯ ಮಾತು ಇದು: ಆ ಮಾತ್ರೆ ಬಿಟ್ಟು, ಕೈಯೆಲ್ಲ ಕ್ಲೀನಾಗಿ, ಪೂರ್ತಿ ವಾಸಿಯಾದ ಮೇಲೆ ಟೀಚರು ಒಂದನೇ ಕ್ಲಾಸಿಗೆ ಬರಲಿ. ಅಲ್ಲಿಯವರೆಗೆ ನನಗೆ ಏಳನೇ ಕ್ಲಾಸಿನ ಸಮಾಜ. ಅಲ್ಲಿ ಯಾರ ಕೈಯನ್ನೂ ಹಿಡಿಯುವ ಕೆಲಸವಿಲ್ಲ. ನನ್ನ ಮಕ್ಕಳಿಗೆ ಬಂದ ಹೊಸ ಟೀಚರು ಗೋಡೆಗೆ ಚಾರ್ಟು ತೂಗುಹಾಕಿ ಕೋಲಿನಿಂದ ಅಕ್ಷರ ತೋರಿಸುತ್ತಿದ್ದಳು. ಪಕ್ಕದ ಕೋಣೆಯಿಂದ ಆ ಕೋಲಿನ ಟಕಟಕ ಕೇಳುವಾಗ ನನಗೆ ಎದ್ದು ಹೋಗಿ ಆ ಕೋಲು ಮುರಿಯಬೇಕು ಅನಿಸುತ್ತಿತ್ತು.

ಡಾಕ್ಟರನ್ನು ಕೇಳಿದೆ, ಮಾತ್ರೆ ಯಾವಾಗ ಬಿಡಬಹುದು ಎಂದು. ಗೋಧಿಯನ್ನು ಕಟ್ಟುನಿಟ್ಟಾಗಿ ಬಿಟ್ಟರೆ ಒಂದೆರಡು ವರ್ಷದಲ್ಲಿ ಬಿಡಬಹುದು, ಬಿಡುವುದೇ ಒಳ್ಳೆಯದು, ಇದು ರಕ್ತ ಕಡಿಮೆ ಮಾಡುತ್ತದೆ ಎಂದರು. ರಕ್ತದ ಮಾತು ನಿಜ. ಶಾಲೆಯ ದಿಬ್ಬ ಹತ್ತುವಾಗ ನನಗೆ ಏದುಸಿರು ಬರುತ್ತಿತ್ತು, ತುಟಿ ನೇರಳೆಹಣ್ಣು ತಿಂದವಳ ಹಾಗೆ ಇರುತ್ತಿತ್ತು. ಆದರೆ ನನಗೆ ರಕ್ತದ ಚಿಂತೆ ಇರಲಿಲ್ಲ. ಒಂದನೇ ಕ್ಲಾಸಿನ ಚಿಂತೆ ಇತ್ತು.

ಗೋಧಿ ಬಿಡುವುದು ನಮಗೇನು ಕಷ್ಟ, ನಾವು ಅಕ್ಕಿ ತಿನ್ನುವವರು ಎಂದುಕೊಂಡಿದ್ದೆ. ಅಕ್ಕಿರೊಟ್ಟಿ, ಕಡುಬು, ನೀರುದೋಸೆ, ಅನ್ನ. ಬಿಟ್ಟ ಮೇಲೆ ಗೊತ್ತಾಯಿತು ಅದು ಎಲ್ಲೆಲ್ಲಿ ಹೊಕ್ಕು ಕೂತಿದೆ ಎಂದು. ಸಾರಿನ ಇಂಗಿನ ಡಬ್ಬಿಯಲ್ಲಿ ಮೈದಾ. ಹಾಲಿಗೆ ಹಾಕುವ ಶಕ್ತಿಪುಡಿಯಲ್ಲಿ ಬಾರ್ಲಿ. ಹಿಟ್ಟಿನ ಗಿರಣಿಯಲ್ಲಿ ನಮ್ಮ ಅಕ್ಕಿ ಬೀಳುವ ಮೊದಲು ಇನ್ನೊಬ್ಬರ ಗೋಧಿ ಬಿದ್ದಿರುತ್ತದೆ. ಸತ್ಯನಾರಾಯಣ ಪೂಜೆಯ ಪ್ರಸಾದ ಸಜ್ಜಿಗೆ, ರವೆಯದ್ದು. ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡು ಎಲೆಯಲ್ಲಿ ಬಿಟ್ಟು ಎದ್ದರೆ ಮನೆಯೊಡತಿಯ ಮುಖ ಸಣ್ಣದಾಗುತ್ತದೆ. “ಒಂಚೂರು ತಿಂದ್ರೆ ಎಂಥ ಆಗ್ತದೆ ಮಾರಾಯ್ತಿ?” ಈ ಮಾತನ್ನು ನನಗೆ ಹೇಳದ ಹೆಂಗಸು ಆ ಸೀಮೆಯಲ್ಲಿ ಇರಲಿಲ್ಲ. ಕಡೆಗೆ ಯಾರ ಮನೆಗೂ ಹೋಗುವುದನ್ನೇ ಬಿಟ್ಟೆ. ಟೀಚರಿಗೆ ಸೊಕ್ಕು, ಯಾರ ಮನೆಯಲ್ಲೂ ಕೈ ತೊಳೆಯುವುದಿಲ್ಲ ಎಂದು ಹಬ್ಬಿತು. ನನ್ನನ್ನು ಮುಟ್ಟಲು ಹೇಸುವವರೇ ನಾನು ಅವರ ಮನೆಯಲ್ಲಿ ತಿನ್ನುವುದಿಲ್ಲ ಎಂದು ಅವಮಾನಪಟ್ಟುಕೊಂಡರು. ಈ ಜನರಿಗೆ ಏನು ಹೇಳಬೇಕು?

ಅತ್ತೆ ಮಾತ್ರ ಬಾಯಲ್ಲಿ ಎಷ್ಟು ಬೈದರೂ ಕೈಯಲ್ಲಿ ಕೆಲಸ ಮಾಡಿದರು. ಮನೆಯಲ್ಲಿದ್ದ ಗೋಧಿ ಹಿಟ್ಟು, ರವೆ, ಶಾವಿಗೆ ಎಲ್ಲವನ್ನೂ ಆಳುಗಳ ಲೈನ್ ಮನೆಗಳಿಗೆ ಹಂಚಿ ಬಂದರು. ಇಂಗಿನ ಬದಲು ಬೆಳ್ಳುಳ್ಳಿ ಒಗ್ಗರಣೆ ಹಾಕಿದರು. ಹಬ್ಬದ ದಿನ ಮಗನಿಗೆ ಹೋಳಿಗೆ ಇಲ್ಲವಾಯಿತಲ್ಲ ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅವರ ಮಗ ಪೇಟೆಗೆ ಹೋದಾಗಲೆಲ್ಲ ಹೋಟೆಲಿನಲ್ಲಿ ಪರೋಟ ಹೊಡೆದು ಬರುತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ನನ್ನ ಚರ್ಮ ತಿಳಿಯಾಗುತ್ತ ಬಂತು. ಮಾತ್ರೆ ಅರ್ಧವಾಯಿತು, ಆಮೇಲೆ ದಿನ ಬಿಟ್ಟು ದಿನವಾಯಿತು. ಆ ಸಲದ ಕಾಫಿ ಕೊಯ್ಲಿನ ಹೊತ್ತಿಗೆ ಡಾಕ್ಟರು ಪೂರ್ತಿ ನಿಲ್ಲಿಸಿ ನೋಡೋಣ ಎಂದರು. ಹೆಡ್‌ಮೇಷ್ಟ್ರಿಗೆ ಎರಡೂ ಮೊಣಕೈ ತೋರಿಸಿದೆ. ಕಲೆ ಬಿಟ್ಟರೆ ಏನೂ ಇರಲಿಲ್ಲ. “ಹಿಂಗೇ ಇದ್ರೆ ಜೂನಲ್ಲಿ ಒಂದನೇ ಕ್ಲಾಸ್ ನಿಮ್ಮದೇ,” ಎಂದರು.

ಓಟ್ಸ್ ನಮ್ಮ ಮನೆಗೆ ಬಂದದ್ದು ಆಗ. ಅದು ನಮ್ಮ ಕಡೆಯ ಅಂಗಡಿಗಳಿಗೆ ಹೊಸದು. ಚಿಕ್ಕಮಗಳೂರಿಗೆ ಹೋಗಿದ್ದ ನಮ್ಮ ಮನೆಯವರು ಒಂದು ದೊಡ್ಡ ಪೊಟ್ಟಣ ತಂದು ಅಡಿಗೆಮನೆಯಲ್ಲಿ ಇಟ್ಟರು. “ಅಮ್ಮೋರ ಮನೇಲಿ ದಿನಾ ಬೆಳಿಗ್ಗೆ ಇದೇ ಅಂತೆ. ಗೋಧಿ ಅಲ್ಲ ಇದು. ಉಪ್ಪಿಟ್ಟು ಮಾಡ್ಕಬಹುದು,” ಎಂದರು.

ಉಪ್ಪಿಟ್ಟು. ಬೇರೆಯವರಿಗೆ ಅದು ಬೇಜಾರಿನ ತಿಂಡಿ. ನನಗೆ ಉಪ್ಪಿಟ್ಟು ಎಂದರೆ ಪ್ರಾಣ, ಅದನ್ನು ಬಿಟ್ಟು ವರ್ಷಗಳಾಗಿದ್ದವು. ಆ ಚಪ್ಪಟೆ ಚೂರುಗಳನ್ನು ಹುರಿದು, ಸಾಸಿವೆ, ಕರಿಬೇವು, ಶುಂಠಿ, ಹಸಿಮೆಣಸು ಹಾಕಿ ಕೆದಕಿದೆ. ಸ್ವಲ್ಪ ಲೋಳೆ, ಸ್ವಲ್ಪ ಹೊಟ್ಟಿನ ವಾಸನೆ. ಆದರೂ ಉಪ್ಪಿಟ್ಟೇ. ಬಾಣಲೆಯನ್ನೇ ಮುಂದೆ ಇಟ್ಟುಕೊಂಡು ತಿಂದೆ. ಅತ್ತೆ ನೋಡಿ, “ಹಸಿದ ಎಮ್ಮೆ ಹಾಗೆ ತಿಂತೀಯಲ್ಲ,” ಎಂದರು. ನನಗೆ ಬೇಸರವಾಗಲಿಲ್ಲ. ಮಂಗಳೂರಿನ ಡಾಕ್ಟರು ಓಟ್ಸಿನ ಬಗ್ಗೆ ಏನೂ ಹೇಳಿರಲಿಲ್ಲ, ನಾವು ಕೇಳಿಯೂ ಇರಲಿಲ್ಲ. ರೈಟರ ಹೆಂಡತಿ ಓಟ್ಸ್ ತಿನ್ನುತ್ತಾಳೆ ಎಂದು ಅವರಾದರೂ ಹೇಗೆ ಎಣಿಸಬೇಕು?

ಅಲ್ಲಿಂದ ದಿನವೂ ಅದೇ. ಪೊಟ್ಟಣ ಮುಗಿದ ಹಾಗೆ ಇನ್ನೊಂದು ಬರುತ್ತಿತ್ತು. ಇರುವೆ ಹತ್ತಬಾರದೆಂದು ಅತ್ತೆ ಅದನ್ನು ಮುಚ್ಚಳ ಬಿಗಿಯಾದ ಒಂದು ಡಬ್ಬಕ್ಕೆ ಸುರಿದು ಇಡುತ್ತಿದ್ದರು.

ಕಾಫಿ ಹೂ ಬಿಡುವ ಸಮಯಕ್ಕೆ ಒಂದು ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಬಲ ಮೊಣಕೈ ಉರಿಯಿತು. ಸೀಮೆಸುಣ್ಣ ಕೈಯಿಂದ ಬಿತ್ತು. ಆ ಉರಿ ನನಗೆ ಗುರುತು ಸಿಗದೇ ಇರುತ್ತದೆಯೇ. ಮಾರನೆಯ ದಿನ ಗುಳ್ಳೆ, ವಾರದಲ್ಲಿ ಮೊಣಕಾಲು, ಬೆನ್ನು. ಉದ್ದ ತೋಳಿನ ರವಿಕೆ ಹಾಕಿಕೊಂಡು ಶಾಲೆಗೆ ಹೋದೆ. ಮನೆಯಲ್ಲಿ ಮುಚ್ಚಿಡಲು ಆಗಲಿಲ್ಲ.

“ಎಲ್ಲಿ ತಿಂದೆ?” ಎಂದು ಕೇಳಿದರು ನಮ್ಮ ಮನೆಯವರು.

“ಏನನ್ನ?”

“ಗೋಧಿ. ಸುಮ್ನೆ ಬರ್ತದಾ ಇದು? ಬೇಕರಿಯಲ್ಲಿ ಬನ್ ತಿಂದ್ಯಾ, ಸ್ಕೂಲಲ್ಲಿ ಯಾರಾದ್ರೂ ಕೊಟ್ರಾ? ನಿಜ ಹೇಳು, ನಾನೇನ್ ಬೈಯಲ್ಲ.”

“ನಾನು ತಿಂದಿಲ್ಲ,” ಎಂದೆ. ನಂಬಲಿಲ್ಲ. ನನ್ನ ಕಣ್ಣೆದುರಿಗೇ ನನ್ನ ಚೀಲ ತೆಗೆದು, ಟಿಫನ್ ಡಬ್ಬಿ ಬಿಚ್ಚಿ ಮೂಸಿ ನೋಡಿದರು. ಪರೋಟ ಹೊಡೆದು ಬರುವ ಮನುಷ್ಯ, ಗೋಧಿ ತಿಂದ ಕಳ್ಳಿ ಎಂದು ನನ್ನ ಚೀಲ ಹುಡುಕಿದರು. ಆ ಡಬ್ಬಿಯನ್ನು ಅವರ ಕೈಯಿಂದ ಕಿತ್ತುಕೊಂಡು ಅಂಗಳಕ್ಕೆ ಎಸೆದೆ. ಮದುವೆಯಾದ ಮೇಲೆ ನಾನು ಎಸೆದ ಮೊದಲನೆಯ ವಸ್ತು ಅದು, ಎಸೆದು ತುಂಬ ಹಗುರವಾಯಿತು.

ಮತ್ತೆ ಘಾಟಿ ಇಳಿದೆ. ಡಾಕ್ಟರು ಮೊಣಕೈ ನೋಡಿ, “ಗೋಧಿ ಎಲ್ಲಿಂದಲೋ ಹೊಟ್ಟೆಗೆ ಹೋಗ್ತಾ ಉಂಟು,” ಎಂದರು. ಬೆಳಿಗ್ಗೆಯಿಂದ ಸಂಜೆಯವರೆಗೆ ತಿನ್ನುವುದನ್ನೆಲ್ಲ ಹೇಳಿಸಿದರು. ಓಟ್ಸ್ ಎಂದಾಗ ಪೆನ್ನು ಕೆಳಗಿಟ್ಟರು. ಓಟ್ಸನ್ನು ಗೋಧಿ ಬಾರ್ಲಿಯ ಜೊತೆ ಬೆಳೆದು, ಅದೇ ಯಂತ್ರದಲ್ಲಿ ಒತ್ತಿ ತರುತ್ತಾರಂತೆ, ಅದರಲ್ಲಿ ಗೋಧಿ ಸೇರದೇ ಇರುವುದು ಅಪರೂಪವಂತೆ. “ಶುದ್ಧದ್ದು ಸಿಕ್ಕಿದರೂ ಕೆಲವರಿಗೆ ಓಟ್ಸೇ ಆಗುದಿಲ್ಲ. ನೀವು ಯಾವ ಜಾತಿಯೋ ಗೊತ್ತಿಲ್ಲ. ಬಿಟ್ಟುಬಿಡಿ,” ಎಂದರು. ಮಾತ್ರೆ ಮೊದಲಿನಷ್ಟೇ ಮತ್ತೆ ಶುರು. ಜೂನ್ ನನ್ನ ಕೈ ತಪ್ಪಿತು ಎಂದು ಬಸ್ಸು ಹತ್ತುವ ಮೊದಲೇ ಗೊತ್ತಾಯಿತು.

ಮನೆಗೆ ಬಂದವಳೇ ಓಟ್ಸಿನ ಡಬ್ಬ ತೆಗೆದುಕೊಂಡು ಹೋಗಿ ಹಿತ್ತಿಲಲ್ಲಿ ಬೋರಲು ಹಾಕಿದೆ. ಓಟ್ಸ್ ಸುರಿಯಿತು. ಆಮೇಲೆ ತಳದಿಂದ ಒಂದು ಬಿಲ್ಲೆ ಕಳಚಿ ಬಿದ್ದು ಪುಡಿಯಾಯಿತು. ಕಂದು ಬಣ್ಣದ ನುಣ್ಣನೆಯ ಹಿಟ್ಟು. ಬಗ್ಗಿ ಮೂಸಿದೆ. ಚಪಾತಿ ಹಿಟ್ಟು.

“ಅತ್ತೆ, ಇದು ಎಂಥದು?”

“ಗೋಧಿ ಹಿಟ್ಟು,” ಎಂದರು ಅವರು, ಏನೂ ಆಗದವರ ಹಾಗೆ. “ಹಿಟ್ಟಿನ ಡಬ್ಬ ಅಲ್ವಾ ಅದು. ಒಂದು ಹಿಡಿ ತಳದಲ್ಲಿ ಬಿಟ್ಟಿದ್ದೆ. ಬರಿದು ಮಾಡ್ಲಿಕ್ಕುಂಟಾ?”

“ಅದರ ಮೇಲೇ ಓಟ್ಸ್ ಸುರಿದ್ರಾ?”

“ಮತ್ತೆ ಬರಿದು ಡಬ್ಬಕ್ಕೆ ಸುರಿಯೋದಾ? ಸಂಸಾರಸ್ಥರ ಮನೆ ಮಾರಾಯ್ತಿ ಇದು.”

ನಮ್ಮಲ್ಲಿ ದಿನಸಿಯ ಡಬ್ಬವನ್ನು ತಳ ಕಾಣುವ ಹಾಗೆ ಬಿಡುವುದಿಲ್ಲ. ಒಂದು ಹಿಡಿ ಉಳಿಸಿ ಅದರ ಮೇಲೆ ಹೊಸದನ್ನು ಸುರಿಯುವುದು. ಲಕ್ಷ್ಮಿ ಇರುವ ಮನೆಯಲ್ಲಿ ಡಬ್ಬ ಬರಿದಾಗಬಾರದು. ಮದುವೆಯಾಗಿ ಬಂದ ವಾರವೇ ಅತ್ತೆ ನನಗೆ ಕಲಿಸಿದ್ದು ಇದು, ಅಕ್ಕಿ ಡಬ್ಬಕ್ಕೆ ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಮನೆಯಿಂದ ಓಡಿಸಿದ ಗೋಧಿಗೂ ಒಂದು ಹಿಡಿಯ ಮರ್ಯಾದೆ ಉಳಿಸುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ. ಹಿಡಿ ಹಿಟ್ಟಿನ ಮೇಲೆ ಪೊಟ್ಟಣದ ಮೇಲೆ ಪೊಟ್ಟಣ ಸುರಿದು, ನಾನು ಚಮಚದಿಂದ ತಳ ಕೆದಕಿ ಕೆದಕಿ ತಿಂದಿದ್ದೆ.

ನಾನು ಕೂಗಾಡಿದೆ. ನಿಮ್ಮ ಲಕ್ಷ್ಮಿ ನನ್ನ ಚರ್ಮ ಸುಲಿದಳು ಎಂದೆ, ನಿಮ್ಮಿಂದ ನನ್ನ ಕ್ಲಾಸು ಹೋಯಿತು ಎಂದೆ. ಇನ್ನೂ ಏನೇನೋ ಅಂದೆ. ಅತ್ತೆ ಎಲ್ಲ ಕೇಳಿಸಿಕೊಂಡರು. ಆಮೇಲೆ, “ನಿನ್ನ ಮಡಿಲು ತುಂಬಲಿ ಅಂತಲೇ ಈ ಮನೆಯ ಒಂದು ಡಬ್ಬವನ್ನೂ ಬರಿದು ಬಿಟ್ಟವಳಲ್ಲ ನಾನು,” ಎಂದರು.

ಇಂಥ ಮಾತು ಕೇಳಿದರೆ ಕರುಳು ಕರಗಬೇಕು. ನನಗೆ ಕರಗಲಿಲ್ಲ, ಇನ್ನೂ ಸಿಟ್ಟು ಬಂತು. ನನ್ನ ಮಡಿಲನ್ನು ಯಾರು ಕೇಳಿದರು? ನಾನು ಕೇಳಿದ್ದು ಒಂದು ಕ್ಲಾಸು. ಡಬ್ಬವನ್ನು ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಎಲ್ಲರಿಗೂ ಕಾಣುವ ಹಾಗೆ ಜಗಲಿಯ ಮೇಲೆ ಬೋರಲು ಹಾಕಿ ಒಣಗಿಸಿದೆ. ಅತ್ತೆ ಅವತ್ತು ಊಟ ಮಾಡಲಿಲ್ಲ. ನಮ್ಮ ಮನೆಯವರು ವಿಷಯ ತಿಳಿದು ಹೊರಗೆ ಹೋದರು, ಬರುವಾಗ ಒಂದು ಹಲಸಿನ ಹಣ್ಣು ಹೊತ್ತು ತಂದರು. ಟಿಫನ್ ಡಬ್ಬಿ ಮೂಸಿದ್ದಕ್ಕೆ ಅದೇ ಅವರ ಕ್ಷಮಾಪಣೆ.

ನನ್ನ ಮೈ ಕೆಡಿಸಿದ್ದು ಆ ಹಿಡಿ ಹಿಟ್ಟೋ, ಓಟ್ಸೋ? ಗೊತ್ತಾಗಬೇಕಾದರೆ ತೊಳೆದ ಡಬ್ಬದಿಂದ ಓಟ್ಸ್ ತಿಂದು ನೋಡಬೇಕಿತ್ತು. ಆ ಪರೀಕ್ಷೆ ನನಗೆ ಬೇಡವಾಗಿತ್ತು. ಎರಡನ್ನೂ ಬಿಟ್ಟೆ. ಆ ಜೂನಿನ ಮಕ್ಕಳಿಗೆ ಕೋಲಿನ ಟೀಚರೇ ಅಕ್ಷರ ಕಲಿಸಿದಳು. ನಾನು ಪಕ್ಕದ ಕೋಣೆಯಲ್ಲಿ ವಿಜಯನಗರ ಸಾಮ್ರಾಜ್ಯದ ಪತನ ಹೇಳಿದೆ. ಮತ್ತೆ ಮಾತ್ರೆ ಇಳಿಯುತ್ತ ಬಂದು, ಮುಂದಿನ ಬೇಸಿಗೆ ರಜೆಯ ಹೊತ್ತಿಗೆ ಪೂರ್ತಿ ನಿಂತಿತು. ಮೊಣಕೈ ಎರಡೂ ತಿಳಿ. ಹೆಡ್‌ಮೇಷ್ಟ್ರು, “ನಂದೇನೂ ಅಭ್ಯಂತರ ಇಲ್ಲ, ಅಮ್ಮೋರು ಒಂದು ಮಾತು ಹೂಂ ಅಂದ್ರೆ ಸಾಕು,” ಎಂದರು.

ಶಾಲೆ ಶುರುವಾಗಲು ಸ್ವಲ್ಪ ದಿನ ಇರುವಾಗ ಅಮ್ಮೋರೇ ಬೆಳಗಿನ ತಿಂಡಿಗೆ ಬನ್ನಿ ಎಂದು ಹೇಳಿಕಳಿಸಿದರು. ಹೋದೆ. ಅವರ ಮೊಮ್ಮಗಳು ಆ ವರ್ಷ ಒಂದನೇ ಕ್ಲಾಸಿಗೆ ಸೇರುವವಳಿದ್ದಳು. ನನ್ನನ್ನು ಕಾಯಿಸದೆ ಒಳಗೆ ಕರೆದರು, ಊಟದ ಮೇಜಿಗೆ ಕೂರಿಸಿದರು, ಆ ಮಗುವನ್ನು ತಂದು ನನ್ನ ಪಕ್ಕದ ಕುರ್ಚಿಯಲ್ಲೇ ಕೂರಿಸಿದರು. ಔಷಧಿ ಅಂಗಡಿಯ ಆ ದಿನದಿಂದ ಇಲ್ಲಿಯವರೆಗೆ ಯಾರೂ ತಮ್ಮ ಮಗುವನ್ನು ನನ್ನ ಪಕ್ಕ ಕೂರಿಸಿರಲಿಲ್ಲ. ಮಗುವಿನ ತೋಳು ನನ್ನ ತೋಳಿಗೆ ತಾಗಿತು. ಅಮ್ಮೋರು ನೋಡಿದರು, ಮಗುವನ್ನು ಪಕ್ಕಕ್ಕೆ ಎಳೆಯಲಿಲ್ಲ.

ಅಡಿಗೆಯವಳು ತಟ್ಟೆ ತಂದಿಟ್ಟಳು. ಓಟ್ಸ್ ಉಪ್ಪಿಟ್ಟು. ಮೇಲೆ ಗೋಡಂಬಿ, ತೆಂಗಿನತುರಿ, ಒಂದು ಚಮಚ ತುಪ್ಪ.

“ನೀವು ಯಾರ ಮನೇಲೂ ತಿನ್ನಲ್ಲ ಅಂತ ಎಲ್ರೂ ಹೇಳ್ತಾರೆ. ನಿಮಗೆ ಗೋಧಿ ಆಗಲ್ಲ ಅಂತ ವಿಚಾರಿಸಿ, ನಿಮಗೋಸ್ಕರ ಬೇರೆ ಬಾಣಲೇಲಿ ಮಾಡ್ಸಿದೀನಿ. ಪೊಟ್ಣನೂ ಹೊಸದು,” ಎಂದರು ಅಮ್ಮೋರು.

ಒಪ್ಪತ್ತು ಎಂದು ತಪ್ಪಿಸಿಕೊಳ್ಳೋಣವೆಂದರೆ ಒಪ್ಪತ್ತಿನ ದಿನವೂ ತಿನ್ನುವುದು ಉಪ್ಪಿಟ್ಟನ್ನೇ. ಬಾಯಿ ತೆರೆದೆ. “ಅಮ್ಮ, ತಪ್ಪು ತಿಳ್ಕೋಬೇಡಿ. ನನಗೆ ಓಟ್ಸೂ ಒಂದೊಂದು ಸಲ…”

ಅವರ ಮುಖದ ನಗು ಹಾಗೇ ನಿಂತಿತು. “ಅದೂ ಆಗಲ್ವಾ?” ಎಂದರು. ಮೊಮ್ಮಗಳ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟರು. “ಹಂಗಾದ್ರೆ ಇನ್ನೂ ಪೂರ್ತಿ ವಾಸಿ ಆಗಿಲ್ಲ ಅನ್ನಿ.”

ನನ್ನ ಬಾಯಿಯ ಬಗ್ಗೆ ನಿಮಗೆ ಗೊತ್ತಾಗಿದೆ. ಗಂಡನ ಮುಂದೆ ಡಬ್ಬಿ ಎಸೆದವಳು, ಹಿಡಿ ಹಿಟ್ಟಿಗೆ ಮುದುಕಿಯ ಊಟ ಬಿಡಿಸಿದವಳು. ನಿಮ್ಮ ಶಾಲೆಯನ್ನು ನೀವೇ ಇಟ್ಟುಕೊಳ್ಳಿ ಎಂದು ತಟ್ಟೆ ಸರಿಸಿ ಏಳುವಷ್ಟು ಸಿಟ್ಟು ನನ್ನಲ್ಲಿ ಇತ್ತು, ಆ ಹೆಂಗಸಿನ ಮೇಲೆ ಅದು ಇವತ್ತೂ ಹಾಗೇ ಇದೆ. ಪಕ್ಕದಲ್ಲಿ ಮಗು ಚಮಚವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿತ್ತು. ಅದರ ಮುಷ್ಟಿಯನ್ನು ನೋಡಿದೆ.

“ಇಲ್ಲಮ್ಮ, ಪೂರ್ತಿ ವಾಸಿಯಾಗಿದೆ,” ಎಂದೆ. ತುತ್ತು ಎತ್ತಿದೆ.

ಮುಂದೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಕೆಲವು ದಿನ ಬಿಟ್ಟು ಮೊಣಕೈ ಉರಿಯುತ್ತದೆ, ಆಮೇಲೆ ಮೊಣಕಾಲು, ಬೆನ್ನು. ಸೆಕೆಯಲ್ಲೂ ಉದ್ದ ತೋಳಿನ ರವಿಕೆ. ಕದ್ದು ನುಂಗುವ ಮಾತ್ರೆ, ಅದೂ ನನ್ನ ಮುಖ ಗೊತ್ತಿಲ್ಲದ ಚಿಕ್ಕಮಗಳೂರಿನ ಅಂಗಡಿಯಿಂದ. ದಿಬ್ಬ ಹತ್ತುವಾಗ ಏದುಸಿರು. ಎಲ್ಲವೂ ಹಾಗೆಯೇ ಆಯಿತು. ಬೇರೆ ಬಾಣಲೆ, ಹೊಸ ಪೊಟ್ಟಣ, ಆದರೂ ಆಯಿತು. ಅದರಿಂದ ಓಟ್ಸಿನ ವಿಷಯವೂ ನನ್ನ ಪಾಲಿಗೆ ತೀರ್ಮಾನವಾಯಿತು.

ತಟ್ಟೆ ಖಾಲಿಯಾದಾಗ ಅಮ್ಮೋರ ಮುಖ ಅರಳಿತ್ತು. “ಸೋಮವಾರದಿಂದ ಇವಳು ನಿಮ್ಮ ಕ್ಲಾಸಲ್ಲೇ ಟೀಚರ್. ಹೆಡ್‌ಮೇಷ್ಟ್ರಿಗೆ ನಾನು ಹೇಳ್ತೀನಿ,” ಎಂದರು. ಸೌಟು ಎತ್ತಿಕೊಂಡು ಅವರೇ ನನ್ನ ಹತ್ತಿರ ಬಂದರು. “ಇನ್ನೊಂಚೂರು ಹಾಕ್ಲಾ?”

“ಹಾಕಿ ಅಮ್ಮ,” ಎಂದೆ.